ಸವರಿಯಪ್ಪನ ಶಾಸ್ತ್ರ, ಮಾವನ ಆಡು

ನಮ್ಮ ಚರ್ಚಿನ ಬೈಬಲ್ ಕ್ವಿಜ್‌ನಲ್ಲಿ ಸವರಿಯಪ್ಪನಿಗೆ ಸಮಾಧಾನಕರ ಬಹುಮಾನ ಬಂದದ್ದೇ ಎಲ್ಲ ಅನಾಹುತಕ್ಕೂ ಮೂಲ. ಬಹುಮಾನ ಒಂದು ಪ್ಲಾಸ್ಟಿಕ್ ಜಗ್ಗು. ಅದನ್ನು ಮನೆಯ ಶೋಕೇಸಿನಲ್ಲಿಟ್ಟು, ಮರುದಿನವೇ ಕನ್ನಡಕ ಮಾಡಿಸಿಕೊಂಡು ಬಂದ. ಕಣ್ಣಿನಲ್ಲಿ ಯಾವ ದೋಷವೂ ಇಲ್ಲ ಎಂದು ಡಾಕ್ಟರು ಹೇಳಿದರೂ ಕೇಳದೆ, “ಓದೋರ್ ಆಕ್ಕಳ ಕನ್ನಡ್ಕ ಕೊಡಿ ಸಾ” ಎಂದು ಹಠ ಹಿಡಿದನಂತೆ. ಅಂದಿನಿಂದ ಅವನು ಮಾತಾಡುವ ಮೊದಲು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುತ್ತಿದ್ದ.

ಊರು ಅರುಳಪಾಳ್ಯ, ಹನೂರಿನಿಂದ ರಾಮಾಪುರದ ಕಡೆ ಹೋಗುವಾಗ ಎಡಕ್ಕೆ ಸಿಗುತ್ತದೆ. ಮುತ್ತಾತಂದಿರ ಕಾಲದಲ್ಲಿ ಕಾವೇರಿಯ ಆಚೆಯಿಂದ ಬಂದವರು ನಾವು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಜಗಳದಲ್ಲಿ ಎರಡೂ. ಸವರಿಯಪ್ಪನದು ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ವ್ಯಾಪಾರ. ನನ್ನದು ಮೈಕ್ ಸೆಟ್. ಅವನ ಶಾಮಿಯಾನ ಎಲ್ಲಿಗೆ ಹೋಗುತ್ತದೋ ನನ್ನ ಹಾರ್ನೂ ಅಲ್ಲಿಗೆ ಹೋಗುತ್ತದೆ. ಆದ್ದರಿಂದ ಈ ವಿಷಯದಲ್ಲಿ ನನಗಿಂತ ಹತ್ತಿರದ ಸಾಕ್ಷಿ ಇನ್ನೊಬ್ಬನಿಲ್ಲ ಎಂದು ವಿನಯಪೂರ್ವಕವಾಗಿ ತಿಳಿಸುತ್ತೇನೆ.

ಈ ಅನಾಹುತ ನಡೆದ ವಾರದ ಭಾನುವಾರ ಚರ್ಚಿನ ಹಬ್ಬ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದವರು ಅಂದು ಬಲಿಪೀಠದ ಮುಂದೆ ನಿಂತು, ಮದುವೆಯ ದಿನ ಕೊಟ್ಟ ಮಾತನ್ನು ಎಲ್ಲರೆದುರು ಇನ್ನೊಮ್ಮೆ ಕೊಡುವುದು ನಮ್ಮಲ್ಲಿ ಪದ್ಧತಿ. ಈ ವರ್ಷ ಆ ಭಾಗ್ಯ ಒಂದೇ ಜೋಡಿಗೆ ಬಂದಿತ್ತು, ಸವರಿಯಪ್ಪ ಮತ್ತು ಅವನ ಹೆಂಡತಿ ಆರೋಕ್ಯಮ್ಮ. ಅವರ ಮದುವೆಯ ದಿನ ತೆಗೆದ ರೀಲಿಗೆ ಬೆಳಕು ತಾಗಿ ಒಂದು ಫೋಟೋವೂ ಬಂದಿರಲಿಲ್ಲ. ಈ ಭಾನುವಾರವಾದರೂ ಒಂದು ಫೋಟೋ ಆಗಬೇಕೆಂದು ಆರೋಕ್ಯಮ್ಮ ವರ್ಷದಿಂದ ಕಾಯುತ್ತಿದ್ದಳು.

ಸೋಮವಾರ ಹನೂರು ಬಸ್ ಸ್ಟ್ಯಾಂಡಿನ ಎದುರಿನ ಟೀ ಅಂಗಡಿಯಲ್ಲಿ ನಮಗೆ ಕೆಂಪನಂಜಪ್ಪ ಸಿಕ್ಕ. ಬೀಜ, ಗೊಬ್ಬರದ ಅಂಗಡಿ ಅವನದು. ಯಾರನ್ನಾದರೂ ಕೆಣಕದೆ ಅವನಿಗೆ ಟೀ ಇಳಿಯುವುದಿಲ್ಲ.

“ಏನ್ ಸವರಿಯಪ್ಪ, ನಿಮ್ ಬೈಬಲ್ನೆಲ್ಲ ಅರೆದು ಕುಡುದ್ಬುಟ್ಯಂತೆ.”

“ಮೋಶೆ ಮುಗುಸ್ದೆ. ಈಗ ಅರಸರ ಕಾಲ್ದಲ್ಲಿ ಇವ್ನಿ,” ಎಂದ ಸವರಿಯಪ್ಪ.

“ಅಂಗಾರೆ ನನ್ದೊಂದು ಅನುಮಾನ. ಒಬ್ಬನ್ಗೆ ಒಬ್ಳೇ ಎಂಡ್ತಿ ಅಂತೀರಲ್ಲ ನೀವು. ನಿಮ್ಮ ಯಕೋಬನ್ಗೆ ಎಷ್ಟು ಜನ್ರಪ್ಪ ಎಂಡ್ರು?”

ಗೊತ್ತಿಲ್ಲ, ಫಾದರನ್ನು ಕೇಳಿ ಹೇಳುತ್ತೇನೆ ಎಂದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸವರಿಯಪ್ಪ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ.

“ಇದು ಬೋ ಆಳದ್ ವಿಚಾರ ಕಣ್ಲಾ. ಬುಧವಾರ ನಮ್ಮನೇಲಿ ಪ್ರಾರ್ಥನೆ ಕೂಟ ಅದೆ. ಅಲ್ಲಿ ಎಲ್ಲಾನೂ ಬುಡ್ಸಿ ಯೋಳ್ತೀನಿ, ಬಾ.”

ವಿಚಾರಕ್ಕೆ ಕಾನೂನಿನ ಬಲವೂ ಇರಲಿ ಎಂದು ಮಂಗಳವಾರ ಕೊಳ್ಳೇಗಾಲಕ್ಕೆ ಹೊರಟ. ನನ್ನ ಆಂಪ್ಲಿಫೈಯರ್ ರಿಪೇರಿಗಿತ್ತು, ನಾನೂ ಜೊತೆಗೆ ಹೋದೆ. ಹೊರಡುವಾಗ ಆರೋಕ್ಯಮ್ಮ ಗಂಡನ ಕೈಗೆ ಒಂದು ಚೀಲ ಕೊಟ್ಟಳು. ಅವಳ ತಂಗಿ ಜಯಮೇರಿ ಕೊಳ್ಳೇಗಾಲದ ಒಂದು ಆಸ್ಪತ್ರೆಯಲ್ಲಿ ನರ್ಸು. ಭಾನುವಾರ ಉಡಲೆಂದು ತಂಗಿಗೆ ತೆಗೆದ ರೇಷ್ಮೆ ಸೀರೆ ಆ ಚೀಲದಲ್ಲಿತ್ತು. ಜಯಮೇರಿಗೆ ಇನ್ನೂ ಮದುವೆಯಾಗಿಲ್ಲ. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಮ್ಮ ಊರಿನವರಂತೂ ಮರೆಯಲಿಲ್ಲ.

ವಕೀಲ ಶಿವನಂಜಯ್ಯನವರ ಆಫೀಸಿನ ಬೆಂಚಿನ ಮೇಲೆ ನಮ್ಮ ಬೀದಿಯ ಪುಟ್ಟಮಲ್ಲಮ್ಮ ಕೂತಿದ್ದಳು, ಜಮೀನಿನ ಭಾಗದ ಕೇಸಿಗೆ ಬಂದವಳು. ಸವರಿಯಪ್ಪ ಅವಳಿಗೊಂದು ನಗೆ ಕೊಟ್ಟು ಒಳಗೆ ಹೋದ. ಮಧ್ಯೆ ಇದ್ದದ್ದು ಒಂದು ಪರದೆ ಮಾತ್ರ.

“ಸಾ, ಇರೋ ಎಂಡ್ತಿ ಮೇಲೆ ಇನ್ನೊಂದು ಮದ್ವೆ ಆದ್ರೆ ಕಾನೂನು ಏನಂತದೆ?”

ವಕೀಲರು ಪೆನ್ನು ತೆಗೆದುಕೊಂಡರು. “ಯಾರಿಗೆ?”

“ನನ್ಗಲ್ಲ ಸಾ. ಯಕೋಬ ಅಂತ ಒಬ್ರು.”

‘ನನಗಲ್ಲ’ ಎಂದು ಶುರುವಾದ ಯಾವ ಕೇಸೂ ಬೇರೆಯವರದಾಗಿದ್ದನ್ನು ಶಿವನಂಜಯ್ಯನವರು ತಮ್ಮ ಸರ್ವೀಸಿನಲ್ಲಿ ಕಂಡಿರಲಿಲ್ಲ. “ಮೊದಲನೆ ಹೆಂಡತಿ ಇದಾರಾ?” ಎಂದು ಕೇಳಿದರು.

“ಅವ್ರೆ ಸಾ. ಎಲ್ಡನೇವ್ಳು ಆಕೆ ತಂಗಿನೇಯ.”

“ಮನೆಯವರ ಒಪ್ಪಿಗೆ?”

“ಮಾವನೇ ಮುಂದೆ ನಿಂತು ಮಾಡ್ಕೊಟ್ಟಿದ್ದು. ಆಮೇಕೆ ಎಂಡ್ತೀರು ಸುಮ್ನಿರ್ದೆ ಅವ್ರವ್ರ ಆಳ್ ಎಂಗ್ಸುನ್ನೂ ತಂದ್ ಕೊಟ್ರು. ಇಬ್ರು.”

“ಒಟ್ಟು ನಾಲ್ಕು ಜನ?”

“ನಾಕು.”

“ಮಕ್ಕಳು?”

“ಅನ್ನೆಲ್ಡು ಗಂಡು, ಒಂದ್ ಎಣ್ಣು.”

ವಕೀಲರು ಪೆನ್ನಿಗೆ ಮುಚ್ಚಳ ಹಾಕಿದರು. “ನೋಡಿ, ಒಂದು ಎರಡನೆ ಮದುವೆಗೇ ಏಳು ವರ್ಷದವರೆಗೆ ಜೈಲು. ಈ ಕೇಸು ನಾನು ತಗೊಳ್ಳೋದಿಲ್ಲ. ನಿಮ್ಮ ಯಕೋಬ ಮಾವನಿಗೆ ಗೊತ್ತಾಗದ ಹಾಗೆ ಊರು ಬಿಡೋದು ವಾಸಿ.”

“ಬುಟ್ಬುಟ್ರು ಸಾ,” ಎಂದ ಸವರಿಯಪ್ಪ, ವಕೀಲರ ಜ್ಞಾನಕ್ಕೆ ಬೆರಗಾಗಿ. “ಎಂಡ್ರು, ಮಕ್ಳು, ಆಡು, ಕುರಿ ಎಲ್ಲಾ ಒಡ್ಕಂಡು, ಮಾವನ್ಗೆ ಒಂದ್ ಮಾತೂ ಯೋಳ್ದೆ ಓಡೋದ್ರು.”

ಹೊರಗೆ ಬಂದಾಗ ಪುಟ್ಟಮಲ್ಲಮ್ಮನ ಬೆಂಚು ಖಾಲಿಯಾಗಿತ್ತು. ಅವಳು ನಮಗೆ ಕಾಣದಂತೆ ಹಿಂದೆಯೇ ಬಂದು ಆಸ್ಪತ್ರೆಯ ಗೇಟಿನ ಎದುರು ಹೂವಿನ ಗಾಡಿಯ ಮರೆಯಲ್ಲಿ ನಿಂತು, ಸವರಿಯಪ್ಪ ನಾದಿನಿಯ ಕೈಗೆ ಚೀಲ ಕೊಟ್ಟದ್ದನ್ನೂ, ಚೀಲದ ಬಾಯಲ್ಲಿ ಜರಿಯಂಚು ಇಣುಕಿದ್ದನ್ನೂ, ಜಯಮೇರಿ ನಕ್ಕಿದ್ದನ್ನೂ ಕಂಡಳು. ನಮಗಿಂತ ಮುಂಚಿನ ಹನೂರು ಬಸ್ಸು ಹತ್ತಿದಳು. ಆ ಬಸ್ಸಿನಲ್ಲಿ ಸೀಟು ಸಿಗದೆ ನಿಂತವರಿಗೂ ಅಂದು ಆಯಾಸ ಗೊತ್ತಾಗಲಿಲ್ಲವಂತೆ.

ಸಂಜೆಗೆ ಯಳಂದೂರಿನಿಂದ ದೊಡ್ಡಮಾದಪ್ಪನವರ ಫೋನು ಬಂತು. ಮಗಳ ಮದುವೆಗೆ ಅವರು ಶಾಮಿಯಾನ ಗೊತ್ತು ಮಾಡಿದ್ದರು.

“ಸವರಿಯಪ್ಪ, ನಿಮ್ ಚಪ್ಪರ ಬ್ಯಾಡ. ಬೇಜಾರ್ ಮಾಡ್ಕಬ್ಯಾಡಿ. ಅದ್ರಡಿ ನಮ್ಮಳಿಯ ಕೂತು, ಅವ್ನಿಗೂ ನಿಮ್ಮ್ ಬುದ್ಧಿ ಬಂದ್ಬುಟ್ರೆ ನಾವೇನ್ ಮಾಡಾದು?”

“ಯಾವ್ ಬುದ್ಧಿ?” ಎಂದು ಸವರಿಯಪ್ಪ ಕೇಳುವಷ್ಟರಲ್ಲಿ ಫೋನು ಇಟ್ಟಾಗಿತ್ತು. ತನ್ನ ಬುದ್ಧಿಯ ಸುದ್ದಿ ಯಳಂದೂರಿನವರೆಗೆ ಹೋಗಿದೆ ಎಂದು ಅವನು ಸ್ವಲ್ಪ ಹೆಮ್ಮೆಪಟ್ಟ.

ಬೀದಿಯ ಹೆಂಗಸರು ಆರೋಕ್ಯಮ್ಮನನ್ನು ಸಂತೈಸಲು ಬಂದರು. ಸೀರೆಯ ಮಾತು ಬಂದಾಗ ಆರೋಕ್ಯಮ್ಮ, “ಅದ ನಾನೇ ಕಳ್ಸಿದ್ದು” ಎಂದಳು. ಬಂದವರು ಕೈ ಮುಗಿದರು. ಹೆಂಡತಿಯೇ ಒಪ್ಪಿ, ಸೀರೆ ಆರಿಸಿ ಕಳಿಸಿದ್ದಾಳೆ, ಎಂಥ ಗುಂಡಿಗೆ ಎಂದು ಹೊಗಳುತ್ತಾ ಹೋದರು. ಮಂಗಳವಾರ ಕೊಳ್ಳೇಗಾಲದಲ್ಲಿ ನಡೆದದ್ದೇನೆಂದು ನಾನು ಮನೆಮನೆಗೆ ಹೋಗಿ ಹೇಳಿ ನೋಡಿದೆ. ಶಾಮಿಯಾನದವನಿಗೆ ಮೈಕಿನವನ ಸಾಕ್ಷಿಯೇ ಎಂದು ನಕ್ಕರು.

ಆರೋಕ್ಯಮ್ಮ ಆಗಿನ್ನೂ ನಗುತ್ತಲೇ ಇದ್ದಳು. “ನಮ್ಮೆಜಮಾನ್ರ ನನ್ಗೆ ಗೊತ್ತಿಲ್ವಾ? ಒಬ್ಳ್ ಎಂಡ್ತಿ ಯೋಳಿದ್ ಸೊಪ್ಪನ್ನೇ ಸಂತೇಲಿ ಮರ್ತ್ ಬತ್ತಾರೆ. ಇಬ್ರಾದ್ರೆ ಎಲ್ಡು ಸೊಪ್ಪು ಮರೀತಾರೆ, ಅಷ್ಟೇಯ” ಎಂದು ನನ್ನ ಮುಂದೆಯೇ ಹೇಳಿದಳು.

ಬುಧವಾರದ ಕೂಟಕ್ಕೆ ಅಂಗಳದಲ್ಲಿ ಕೂರುವಷ್ಟು ಜನ ಬರುವುದು ವಾಡಿಕೆ. ಅಂದು ಕಾಂಪೌಂಡಿನ ಮೇಲೂ ಜನ. ಇದೆಲ್ಲ ತನ್ನ ಪಾಂಡಿತ್ಯಕ್ಕೆ ಬಂದ ಜನವೆಂದು ಭಾವಿಸಿದ ಸವರಿಯಪ್ಪ ಮೈಕ್ ಬೇಕೇ ಬೇಕೆಂದ. ನಾನು ಮರಕ್ಕೆ ಎರಡು ಹಾರ್ನ್ ಕಟ್ಟಿದೆ. ಫಾದರ್ ಇರುದಯರಾಜ್ ಮುಂದಿನ ಕುರ್ಚಿಯಲ್ಲಿ ಕೂತರು. ಕೆಂಪನಂಜಪ್ಪನೂ ಹನೂರಿನಿಂದ ಬೈಕಿನಲ್ಲಿ ಬಂದಿದ್ದ.

ಸವರಿಯಪ್ಪ ಕನ್ನಡಕ ಒರೆಸಿ ಶುರು ಮಾಡಿದ. ಯಕೋಬ ಮಾವನ ಹೆಣ್ಣುಮಕ್ಕಳಲ್ಲಿ ಕಿರಿಯವಳನ್ನು ಬಯಸಿ ಏಳು ವರ್ಷ ಮಾವನ ಆಡು ಕುರಿ ಕಾದದ್ದು, ಮಾವ ಮೋಸ ಮಾಡಿ ಹಿರಿಯವಳನ್ನು ಕೊಟ್ಟದ್ದು, ಕಿರಿಯವಳಿಗಾಗಿ ಇನ್ನೇಳು ವರ್ಷ ದುಡಿದದ್ದು ಎಲ್ಲ ಹೇಳಿದ. ಆಮೇಲೆ ಶಾಸ್ತ್ರಕ್ಕೆ ಇಳಿದ.

“ಮೋಶೆ ಕಾಲ್ದಲ್ಲಿ ವ್ಯಭಿಚಾರ ಅಂದ್ರೆ ಇನ್ನೊಬ್ಬನ್ ಎಂಡ್ತಿನ ಮುಟ್ಟಾದು. ಮದ್ವೆ ಆಗ್ದೆ ಇರೋಳ ಸಾಸ್ತ್ರವಾಗಿ ಕಟ್ಕಂಡ್ರೆ ಅದು ವ್ಯಭಿಚಾರ್ದ ಲೆಕ್ಕಕ್ಕೆ ಬರಾಕಿಲ್ಲ.”

ಫಾದರ್ ಎದ್ದರು. “ಸವರಿಯಪ್ಪ, ಯೇಸುಸ್ವಾಮಿ ಏನು ಹೇಳಿದ್ರು ಅದನ್ನೂ ಹೇಳಿ. ಪರಸ್ತ್ರೀಯನ್ನ ಆಸೆಯಿಂದ ನೋಡಿದ್ರೇ ಮನಸ್ಸಿನಲ್ಲಿ ವ್ಯಭಿಚಾರ ಆಗಿಹೋಯ್ತು ಅಂದ್ರು.”

ಅಂಗಳದಲ್ಲಿದ್ದ ಗಂಡಸರೆಲ್ಲ ಒಮ್ಮೆಲೇ ಚಾಪೆಯ ಹೆಣಿಗೆಯನ್ನು ಪರೀಕ್ಷಿಸತೊಡಗಿದರು. ಹೆಂಗಸರು ಗಂಡಸರನ್ನು ಪರೀಕ್ಷಿಸತೊಡಗಿದರು.

“ಅಷ್ಟೇ ಅಲ್ಲ,” ಎಂದರು ಫಾದರ್. “ಹೆಂಡತಿಯನ್ನ ಬಿಟ್ಟು ಇನ್ನೊಬ್ಬಳನ್ನ ಮದುವೆಯಾದ್ರೆ ಅದೂ ವ್ಯಭಿಚಾರವೇ ಅಂದ್ರು.”

ಅಲ್ಲಿಗಾದರೂ ಸವರಿಯಪ್ಪ ಕೂರಬೇಕಿತ್ತು. ಎದುರಿಗೆ ಕೆಂಪನಂಜಪ್ಪ ಮೀಸೆಯಡಿ ನಗುತ್ತಿದ್ದ. ಸವರಿಯಪ್ಪ ಮೈಕಿಗೆ ಬಾಯಿ ಹತ್ತಿರ ತಂದ.

“ಬುಟ್ಟು ಅಂತ ಅಂದವ್ರೆ ಫಾದರ್. ಇಟ್ಕಂಡು ಅಂತ ಅಂದಿಲ್ಲ.”

ಎರಡು ಹಾರ್ನುಗಳು ಅದನ್ನು ಇಡೀ ಅರುಳಪಾಳ್ಯಕ್ಕೆ ಸಾರಿದವು. ಕೂಟಕ್ಕೆ ಬರದೆ ಮನೆಯಲ್ಲಿ ರಾಗಿ ಆರಿಸುತ್ತಿದ್ದ ಮುದುಕಿಯರೂ ಕೇಳಿದರು. ಜನರಿಗೆ ಕಾಫಿ ಹಂಚುತ್ತಿದ್ದ ಆರೋಕ್ಯಮ್ಮ ತಟ್ಟೆಯನ್ನು ಫಾದರ್ ಪಕ್ಕದ ಕುರ್ಚಿಯ ಮೇಲಿಟ್ಟು ಒಳಗೆ ಹೋದಳು.

ಎಲ್ಲರೂ ಹೋದ ಮೇಲೆ ನಾನು ವೈರು ಸುತ್ತುತ್ತಿದ್ದೆ. ಅವಳು ಬಾಗಿಲಿಗೆ ಬಂದು ನಿಂತಳು. ಕೂಗಲಿಲ್ಲ. ಕೂಗಿದ್ದರೆ ಸವರಿಯಪ್ಪನಿಗೆ ಅಭ್ಯಾಸವಿತ್ತು.

“ನೀವು ಇನ್ನೊಂದ್ ಮಾಡ್ಕತೀರಿ ಅಂತ ನಾನು ಒಂದ್ ಗಳ್ಗೆನೂ ನಂಬ್ನಿಲ್ಲ,” ಎಂದಳು. “ಊರೆಲ್ಲ ಅಂದ್ರೂ ನಕ್ಕಂಡೇ ಇದ್ದೆ. ಆದ್ರೆ ಮಾಡ್ಕಬೋದು ಅಂದ್ರಲ್ಲ, ಮೈಕಲ್ಲಿ. ಅಂಗಾರೆ ಇಷ್ಟ್ ವರ್ಷ ನೀವು ನನ್ನೊಬ್ಳ ಜೊತೇಲಿ ಇದ್ದಿದ್ದು ನಂಗ್ ತೋರ್ಸಿದ್ ದಯೆಯಾ?”

ಸವರಿಯಪ್ಪ ಕನ್ನಡಕಕ್ಕೆ ಕೈ ಹಾಕಿದ. “ಅದು ಸಾಸ್ತ್ರ ಕಣೇ. ನಮ್ಮನೆ ಮಾತಲ್ಲ.”

“ಸಾಸ್ತ್ರನಾ? ಸರಿ. ಯಕೋಬ ಎಂಡ್ತಿಗೆ ಅಂತ ಮಾವನ ಮನೇಲಿ ಏಳ್ ವರ್ಷ ಆಡು ಕಾದ. ನಮ್ಮಪ್ಪನ್ ಮನೇಲಿ ನೀವ್ ಎಷ್ಟ್ ದಿನ ಕಾದಿದ್ದೀರಿ? ಮೊದ್ಲು ನನ್ ಏಳ್ ವರ್ಷ ಮುಗ್ಸಿ. ಅಲ್ಲೀಗಂಟ ಭಾನ್ವಾರ ನಾನ್ ನಿಮ್ ಪಕ್ಕ ನಿಲ್ಲಾಕಿಲ್ಲ.”

ಅವಳ ಅಪ್ಪ ಅಂತೋಣಿಮುತ್ತು ಗೋಪಿನಾಥಂನವರು. ಆ ಕಾಡಿನ ಅಂಚಿನಿಂದ ಬಸ್ಸು ಅಪರೂಪ, ಅವರು ಬರುವುದು ಅದಕ್ಕಿಂತ ಅಪರೂಪ. ಆರೋಕ್ಯಮ್ಮ ಫೋನಿನಲ್ಲಿ ಏನು ಹೇಳಿದಳೋ, ಗುರುವಾರ ಬೆಳಿಗ್ಗೆಯೇ ಹೆಗಲಿಗೆ ಕಂಬಳಿ ಹಾಕಿಕೊಂಡು ಬಂದಿಳಿದರು. ಕಾಫಿ ಕುಡಿದರು. ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು.

“ಮಾಪ್ಳೆ, ನಡೀರಿ. ಮರಿ ಆಕಿರೋ ಆಡು ಬೋ ಅವೆ.”

“ಮಾವ, ನಾನು ಅದ ಸುಮ್ನೆ ವಿಚಾರಕ್ಕೆ ಯೋಳಿದ್ದು.”

“ಆಡೂ ವಿಚಾರ್ದವೇ ಮಾಪ್ಳೆ. ಕಾಯ್ತಾ ಕಾಯ್ತಾ ತಿಳೀತದೆ.”

ಮಾವನ ಮುಂದೆ ಎದುರು ಮಾತಾಡುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಇಬ್ಬರೂ ಬಸ್ಸು ಹತ್ತಿದ್ದನ್ನು ಊರೆಲ್ಲ ನಿಂತು ನೋಡಿತು. ಎರಡನೆ ಮದುವೆಯ ಮಾತುಕತೆಗೆ ಮಾವನೇ ಕರೆದುಕೊಂಡು ಹೋದರು ಎಂದು ಪುಟ್ಟಮಲ್ಲಮ್ಮ ತೀರ್ಪು ಕೊಟ್ಟಳು. ಸವರಿಯಪ್ಪ ಕಿಟಕಿಯಿಂದ ಎಲ್ಲರಿಗೂ ಕೈ ಬೀಸಿದ. ಸಂಜೆಯ ಬಸ್ಸಿಗೆ ವಾಪಸು ಬರುತ್ತೇನೆಂದು ಅವನು ನಂಬಿದ್ದ.

ಶನಿವಾರ ಬೆಳಿಗ್ಗೆ ಊರಿಗೆ ಜ್ಞಾನೋದಯವಾಯಿತು. ನಾಳೆ ಹಬ್ಬ. ಚರ್ಚಿನ ಅಂಗಳಕ್ಕೆ ಶಾಮಿಯಾನ ಬೇಕು, ಕುರ್ಚಿ ಬೇಕು, ಅಡುಗೆಗೆ ದೊಡ್ಡ ಪಾತ್ರೆ ಬೇಕು. ಎಲ್ಲ ಇದ್ದದ್ದು ಸವರಿಯಪ್ಪನ ಗೋಡೌನಿನಲ್ಲಿ, ಗೋಡೌನಿನ ಬೀಗದ ಕೈ ಅವನ ಉಡಿದಾರದಲ್ಲಿ, ಉಡಿದಾರ ಗೋಪಿನಾಥಂನಲ್ಲಿ. ಮೂರು ದಿನ ಅವನ ಹೆಸರು ಹಿಡಿದು ಹಲ್ಲು ಕಡಿದವರೆಲ್ಲ ಆರೋಕ್ಯಮ್ಮನ ಮನೆಗೆ ಬಂದು, ಪಾಪ ಒಳ್ಳೆಯ ಮನುಷ್ಯ, ಕರೆಸಿಬಿಡವ್ವ ಎಂದರು. ಆರೋಕ್ಯಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದಳು. “ಏಳ್ ವರ್ಷ ಆಗ್ಲಿ” ಎಂದಳು.

ಕೊನೆಗೆ ಫಾದರ್ ನನ್ನ ಬೈಕಿನ ಹಿಂದೆ ಕೂತರು. ಪಾಲಾರು ದಾಟಿ ಕಾಡಿನ ರಸ್ತೆಯಲ್ಲಿ ಗೋಪಿನಾಥಂ ತಲುಪಿದಾಗ ಮಧ್ಯಾಹ್ನ. ಹುಣಸೆ ಮರದ ಕೆಳಗೆ ಸವರಿಯಪ್ಪ ಕೂತಿದ್ದ. ಮಡಿಲಲ್ಲಿ ಒಂದು ಆಡಿನ ಮರಿ, ಮೊಣಕಾಲ ಮೇಲೆ ಬೈಬಲ್. ಕನ್ನಡಕದ ಒಂದು ಕಡ್ಡಿಯನ್ನು ಯಾವುದೋ ಆಡು ಅಗಿದುಹಾಕಿತ್ತು, ಅಲ್ಲಿಗೆ ಹುರಿ ಕಟ್ಟಿ ಕಿವಿಗೆ ಸುತ್ತಿದ್ದ.

“ಫಾದರ್,” ಎಂದು ಎದ್ದು ನಿಂತ. “ಈ ಆಡ್ಗೊಳು ಒಂದೂ ಯೋಳಿದ್ ಮಾತ್ ಕೇಳಾಕಿಲ್ಲ. ಯಕೋಬ ಅದ್ಯಾವ್ ಆಸೆಗೆ ತಡ್ಕಂಡ್ನೋ ದೇವ್ರೇ ಬಲ್ಲ.”

ಫಾದರ್ ಅಂತೋಣಿಮುತ್ತು ಅವರ ಹತ್ತಿರ ಅಳಿಯನನ್ನು ಬಿಟ್ಟುಕೊಡಲು ಕೇಳಿದರು. ಅವರು ತಲೆ ಕೆರೆದುಕೊಂಡರು.

“ಚರ್ಚ್ ಕೆಲ್ಸ ಅಂತೀರಿ, ಕಳಿಸ್ತೀನಿ ಸಾಮಿ. ಆದ್ರೆ ಏಳ್ ವರ್ಷದ್ ಮಾತು ಮಾತೇಯ. ನನ್ ಮಗ್ಳು ಸಾಕು ಅಂದ್ರೆ ಸಾಕು. ನಾನ್ ಅಂದ್ರೆ ಆಗಾಕಿಲ್ಲ, ನೀವ್ ಅಂದ್ರೂ ಆಗಾಕಿಲ್ಲ.”

ಬೈಕಿನಲ್ಲಿ ಮೂವರು ಬಂದೆವು, ಸವರಿಯಪ್ಪ ಮಧ್ಯದಲ್ಲಿ. ಪಾಲಾರಿನ ಹತ್ತಿರ, “ನಾಳೆ ಅವ್ಳು ನಿಲ್ಲಾಕಿಲ್ವಾ?” ಎಂದು ಕೇಳಿದ. ಹೆದರಿದ್ದ, ಅದು ದನಿಯಲ್ಲೇ ತಿಳಿಯುತ್ತಿತ್ತು. ಗೊತ್ತಿಲ್ಲ ಎಂದೆ. ಊರಿಗೆ ಬಂದವನು ಮನೆಯ ಕಡೆ ಹೋಗದೆ ನೇರ ಚರ್ಚಿಗೆ ಹೋಗಿ, ಗೂಟ ಹೊಡೆದು ಶಾಮಿಯಾನ ಎಬ್ಬಿಸಿದ.

ಭಾನುವಾರ ಚರ್ಚು ತುಂಬಿ ಅಂಗಳ ತುಂಬಿತು. ಕೆಂಪನಂಜಪ್ಪ ಹಿಂದಿನ ಬಾಗಿಲಲ್ಲಿ ನಿಂತಿದ್ದ. ಯಳಂದೂರಿನ ದೊಡ್ಡಮಾದಪ್ಪನವರೂ ಬಂದಿದ್ದರು. ಶಾಮಿಯಾನ ಬೇಡವೆಂದಿದ್ದವರು ಶಾಮಿಯಾನದ ನೆರಳಲ್ಲೇ ಕೂತಿದ್ದರು. ಅಂತೋಣಿಮುತ್ತು ಬೆಳಗಿನ ಬಸ್ಸಿ‌ಗೆ ಬಂದು ಮೊದಲ ಸಾಲು ಹಿಡಿದಿದ್ದರು. ಪಕ್ಕದಲ್ಲಿ ಜಯಮೇರಿ, ಅದೇ ರೇಷ್ಮೆ ಸೀರೆಯಲ್ಲಿ.

ಫಾದರ್ ದಂಪತಿಗಳನ್ನು ಕರೆದರು. ಸವರಿಯಪ್ಪ ಮುಂದೆ ಹೋಗಿ ಒಬ್ಬನೇ ನಿಂತ. ಸ್ವಲ್ಪ ಹೊತ್ತಿಗೆ ಆರೋಕ್ಯಮ್ಮ ಎದ್ದಳು. ಅವನ ಪಕ್ಕಕ್ಕೆ ಹೋಗಲಿಲ್ಲ. ಎದುರಿಗೆ ನಿಂತಳು.

“ಮದುವೆಯ ದಿನ ಕೊಟ್ಟ ಮಾತಿಗೆ ಇವತ್ತೂ ಬದ್ಧರಾಗಿದ್ದೀರಾ?” ಎಂದರು ಫಾದರ್.

“ಇವ್ನಿ ಫಾದರ್,” ಎಂದು ಸವರಿಯಪ್ಪ ಅಗತ್ಯಕ್ಕಿಂತ ಜೋರಾಗಿ ಹೇಳಿದ. ಆರೋಕ್ಯಮ್ಮನ ಮುಂದೆ ಮೈಕ್ ಹಿಡಿದೆ.

“ಅವ್ರ ಸಾಸ್ತ್ರ ಮುಗ್ದದಾ ಕೇಳಿ ಫಾದರ್,” ಎಂದಳು ಅವಳು, ಮೆಲ್ಲಗೆ. ಅವಳು ಎಷ್ಟು ಮೆಲ್ಲಗೆ ಹೇಳಿದರೂ ಹೊರಗಿನ ಹಾರ್ನುಗಳು ತಮ್ಮ ಕೆಲಸ ಮಾಡಿದವು. ಅಂಗಳದಲ್ಲಿ ಅನ್ನ ಬಸಿಯುತ್ತಿದ್ದವರೂ ಕೈ ನಿಲ್ಲಿಸಿದರು.

ಸವರಿಯಪ್ಪ ಕನ್ನಡಕ ತೆಗೆದ. ಒರೆಸಲಿಲ್ಲ. ಜೇಬಿಗೆ ಹಾಕಿಕೊಂಡ.

“ಆಡ್ ಕಾಯ್ತಾ ಯಕೋಬನ್ ಕಥೆ ಇನ್ನೊಂದ್ ದಪ ಓದ್ದೆ ಫಾದರ್. ಅಕ್ಕ ಅಳ್ತಾಳೆ, ತಂಗಿ ಕರುಬ್ತಾಳೆ, ಮನೇಲಿ ದಿನಾ ರಾಮಾಯ್ಣ. ಅಬ್ರಹಾಮನ ಮನೇಲೂ ಅಂಗೇಯ, ದಾವೀದನ ಮನೇಲೂ ಅಂಗೇಯ. ಕಟ್ಕಂಡ ಅಂತ ಬರ್ದದೆ. ಕಟ್ಕಂಡು ನೆಮ್ಮದಿಯಾಗಿ ಒಂದೊತ್ತು ಉಂಡ ಅಂತ ಎಲ್ಲೂ ಬರ್ದಿಲ್ಲ.”

ಜನ ನಕ್ಕರು. ಫಾದರ್ ಮುಖ ಅರಳಿತು. ಆರೋಕ್ಯಮ್ಮ ನಗಲಿಲ್ಲ.

“ಅದು ಅವ್ರ ಮಾತಾಯ್ತು. ನಿಮ್ ಮಾತ್ ಯೋಳಿ.”

ಸವರಿಯಪ್ಪ ಮೈಕನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ, ದೂರ ಸರಿಸಿದ. ಆದರೂ ಎಲ್ಲರಿಗೂ ಕೇಳಿಸಿತು.

“ನಾನ್ ಏನೋ ದೊಡ್ಮನ್ಸು ಮಾಡಿ ಇನ್ನೊಬ್ಳ ಕಟ್ಕಳ್ದೆ ಇವ್ನಿ ಅನ್ನಂಗೆ ಮಾತಾಡ್ಬುಟ್ಟೆ. ತಪ್ಪಾಯ್ತು ಆರೋಕ್ಯ. ದೊಡ್ಮನ್ಸು ನನ್ದಲ್ಲ. ಇಂಥೋನ ಬುಟ್ಟೋಗ್ದೆ ಇಷ್ಟ್ ವರ್ಷ ಇದ್ದೋಳು ನೀನು.”

ಆರೋಕ್ಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಎದುರಿಗಿದ್ದವಳು ಬಂದು ಪಕ್ಕದಲ್ಲಿ ನಿಂತಳು.

“ಇವ್ನಿ ಫಾದರ್,” ಎಂದಳು.

ಫೋಟೋದವನು ಕ್ಲಿಕ್ ಮಾಡುವ ಹೊತ್ತಿಗೆ ಸರಿಯಾಗಿ ಅವಳಿಗೆ ಗಂಡನ ಕಾಲರಿಗೆ ಅಂಟಿದ್ದ ಹುಲ್ಲು ಕಂಡಿತು. ಅದನ್ನು ತೆಗೆಯಲು ಕೈ ಹಾಕಿದಳು. ಫೋಟೋ ಹಾಗೇ ಬಂದಿದೆ, ಅವಳು ಅವನ ಕೊರಳಪಟ್ಟಿ ಹಿಡಿದುಕೊಂಡ ಹಾಗೆ. ಶೋಕೇಸಿನಲ್ಲಿ ಜಗ್ಗನ್ನು ಹಿಂದಕ್ಕೆ ತಳ್ಳಿ ಅದನ್ನು ಮುಂದಿಟ್ಟಿದ್ದಾಳೆ. ಅಂದು ಅಂತೋಣಿಮುತ್ತು ಊಟವಾದ ಮೇಲೆ ಮಗಳನ್ನು, “ಏಳ್ ವರ್ಷ ಸಾಕಾ?” ಎಂದು ಕೇಳಿದರಂತೆ. “ಸೀಸನ್ ಇಲ್ದಾಗ ಕಳಿಸ್ತೀನಿ ಅಪ್ಪಾ” ಎಂದಳಂತೆ ಆರೋಕ್ಯಮ್ಮ. ಹಾಗಾಗಿ ಮದುವೆಗಳಿಲ್ಲದ ಆಷಾಢದಲ್ಲಿ ಸವರಿಯಪ್ಪ ಗೋಪಿನಾಥಂನ ಬಸ್ಸು ಹತ್ತುತ್ತಾನೆ.

ಮೊನ್ನೆ ಹನೂರಿನ ಟೀ ಅಂಗಡಿಯಲ್ಲಿ ಕೆಂಪನಂಜಪ್ಪ ಮತ್ತೆ ಸಿಕ್ಕ.

“ಸವರಿಯಪ್ಪ, ನಿಮ್ಮ ಸೊಲೊಮೋನ ರಾಜನ್ಗೆ ಏಳ್ನೂರು ಜನ ಎಂಡ್ತೀರಂತಲ್ಲ. ಅದರ ಬಗ್ಗೆ ಸಾಸ್ತ್ರ ಏನಂತದೆ?”

ಸವರಿಯಪ್ಪನ ಕೈ ಅಭ್ಯಾಸಬಲದಿಂದ ಜೇಬಿನ ಕನ್ನಡಕದ ಕಡೆ ಹೋಯಿತು. ಅರ್ಧದಲ್ಲೇ ನಿಂತು, ಟೀ ಲೋಟಕ್ಕೆ ವಾಪಸು ಬಂತು.

“ಏಳ್ನೂರು ಎಂಡ್ತೀರು ಅಂದ್ರೆ ಏಳ್ನೂರು ಮಾವಂದ್ರು ಕೆಂಪನಂಜಪ್ಪ,” ಎಂದ. “ಅಷ್ಟು ಆಡ ಯಾರ್ಲಾ ಕಾಯೋರು?”